ಹೊರಳೋಕೆ ಜಾಗವಿಲ್ಲ

ಹೊಲಿಗೆ ಅಂಗಡಿಯಲ್ಲಿ ಅವಳು ಮಿಷನ್ ತುಳಿದಾಗಲೆಲ್ಲ ಹೊಟ್ಟೆಯೊಳಗಿನ ಮಗು ಒದೆಯುತ್ತಿತ್ತು. "ನಿನಗಿಂತ ಚೆನ್ನಾಗಿ ಅದೇ ತುಳಿಯುತ್ತೆ ಬಿಡೆ" ಎಂದು ಜೊತೆಯ ಹೆಂಗಸರು ನಗುತ್ತಿದ್ದರು. ಒಂಬತ್ತನೇ ತಿಂಗಳ ಒಂದು ಬೆಳಿಗ್ಗೆ ಎಷ್ಟು ತುಳಿದರೂ ಮಗು ಅಲುಗಲಿಲ್ಲ. ಅವಳು ಕೆಲಸ ಬಿಟ್ಟು ಮನೆಗೆ ಬಂದು ಅತ್ತೆಗೆ ಹೇಳಿದಳು.

"ಅಯ್ಯೋ ಹುಚ್ಚಿ, ದಿನ ತುಂಬಿದ ಮೇಲೆ ಅದಕ್ಕೆ ಹೊರಳೋಕೆ ಜಾಗ ಎಲ್ಲಿರುತ್ತೆ? ಸುಮ್ಮನಿದ್ದರೆ ಒಳ್ಳೇದೇ. ಹೆತ್ತವಳು ನಾನೋ ನೀನೋ?"

ಅತ್ತೆಯ ಮಾತು ಮೀರಿ ಅವಳಿಗೆ ಗೊತ್ತಿರಲಿಲ್ಲ. ಆ ದಿನವೂ ಮರುದಿನವೂ ಕಾದಳು. ಕೊನೆಗೆ ಅತ್ತೆಯೊಂದಿಗೆ ಆಸ್ಪತ್ರೆಗೆ ಹೋದಾಗ, ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ಮಗುವಿನ ಎದೆಬಡಿತ ನಿಂತಿತ್ತು.

"ದಿನ ತುಂಬಿದರೂ ಮಗು ಆಡುತ್ತಲೇ ಇರಬೇಕಮ್ಮ. ಕಡಿಮೆ ಆಯ್ತು ಅನ್ನಿಸಿದ ಕೂಡಲೇ ಬರಬೇಕು. ಯಾರೂ ಹೇಳಲಿಲ್ವಾ?"

ಅವಳು ಅತ್ತೆಯ ಕಡೆ ತಿರುಗಿದಳು. ಬಾಯಿತುಂಬ ಬೆಂಕಿಯಂಥ ಮಾತಿತ್ತು. ಅತ್ತೆ ಗೋಡೆಗೊರಗಿ ಕುಸಿದು ಕೂತಿದ್ದರು.

"ನನ್ನ ಚೊಚ್ಚಲ ಮಗೂನೂ ಹೀಗೇ ಸುಮ್ಮನಾಗಿತ್ತು," ಎಂದರು ಅತ್ತೆ, ನೆಲ ನೋಡುತ್ತ. "ಜಾಗ ಇಲ್ಲ ಅಂದರು. ಅದು ಸತ್ತು ಹುಟ್ಟಿದ ಮೇಲೆ ಹಣೆಬರಹ ಅಂದರು. ಎರಡನ್ನೂ ನಂಬಿದ್ದೆ ಕಣೇ, ಇವತ್ತಿನವರೆಗೂ."

ಅವಳು ಬೈಯದೆ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅತ್ತರು.