ಹಿಂದಿನ ಸೀಟಿಗೆ ಬಾಗಿಲಿಲ್ಲ

ಅನುಸೂಯಾ ಬುತ್ತಿ ಕಟ್ಟಿಕೊಂಡು ಕೆಳಗಿಳಿದಾಗ ಅವಳ ಗಂಡ ಅಂಬಾದಾಸ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಹೊಸ ಸೈಲೆನ್ಸರ್ ಒರೆಸುತ್ತಿದ್ದ. ಚಾಕಣದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬೇರೆಯವರ ಕಾರುಗಳಿಗೆ ಬಿಡಿಭಾಗ ಮಾಡಿದವನು, ಕಳೆದ ದೀಪಾವಳಿಗೆ ತನಗೆಂದು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. ಅದಕ್ಕೆ ಎರಡೇ ಬಾಗಿಲು. ಮುಂದಿನ ಸೀಟು ಮಡಚಿದರೇನೇ ಹಿಂದಕ್ಕೆ ತೂರಬಹುದು. ಹಿಂದಿನ ಗಾಜು ಇಳಿಯುವುದೂ ಇಲ್ಲ.

“ಆ ಪೈಪು ಈ ಗಾಡಿದಲ್ಲ ಅಂತ ಅಂಗಡಿಯವ ಹೇಳಿದ್ನಲ್ರಿ,” ಎಂದಳು.

“ಒಂದೀಟು ಫರಕು ಅದ. ಪಟ್ಟಿ ಹಾಕಿ ಕೂಡಿಸ್ಯಾರ. ಇಂಜಿನ್ನಿಗಿ ಮೂರು ಮೀಟರ್ ಭೀ ಹಾಕ್ಸೀನಿ. ಏನರೆ ಕೆಟ್ಟರ ಅವೇ ಹೇಳ್ತಾವ. ಜಲ್ಮದಾಗ ಒಂದು ಆಸೆ ಅದ ಅನು, ಅದಕ್ಕೂ ಕೊಕ್ಕಿ ಹಾಕಬ್ಯಾಡ.”

“ಇದರಾಗ ಕುಂತಾಗೆಲ್ಲ ತಲಿ ಸಿಡೀತದ ನನಗ.”

ಆಗಲೇ ಮುಂದೆ ಕುಳಿತಿದ್ದ ಅತ್ತೆ ಅವ್ವಮ್ಮ ನಕ್ಕಳು. “ಇಂದಾಪುರಕ್ಕ ನನ್ನ ಮಗಳ ಮನಿಗಿ ಹೊಂಟರ ನಿನಗ ತಲಿಬ್ಯಾನಿ. ತೌರಮನಿಗಿ ಅಂದ್ರ ಎತ್ತಿನ ಬಂಡ್ಯಾಗೂ ನಕ್ಕೋತ ಹೋಗ್ತಿ. ಹತ್ತವ್ವ, ಹತ್ತು.”

ಅತ್ತೆಯನ್ನು ಇಳಿಸಿ, ಸೀಟು ಮಡಚಿ, ಅನುಸೂಯಾ ಆರು ವರ್ಷದ ಮಗಳು ಯಶ್ಮಿತಾಳೊಡನೆ ಹಿಂದೆ ತೂರಿಕೊಂಡಳು.

ಸೋಲಾಪುರ ಹೆದ್ದಾರಿ ಹಿಡಿದ ಮೇಲೆ ಅವ್ವಮ್ಮ ಎಲೆಯಡಿಕೆ ಉಗುಳಲು ಗಾಜು ಇಳಿಸಿದಳು. ಸೈಲೆನ್ಸರಿನ ಗುಡುಗು ಕೇಳಲೆಂದು ಅಂಬಾದಾಸನೂ ಇಳಿಸಿದ. ಇಬ್ಬರ ಮುಖಕ್ಕೂ ಗಾಳಿ ಬಡಿಯುತ್ತಿತ್ತು. ಹಿಂದೆ ಯಶ್ಮಿತಾ ನೀರು ಕೇಳಿದಳು, ಕುಡಿಯದೆ ತಾಯಿಯ ತೊಡೆಗೆ ಒರಗಿದಳು.

ಪಾಟಸ್ ಊರು ದಾಟಿದಾಗ ಅನುಸೂಯಾಳ ಕಣ್ಣು ಮಂಜಾಗಿತ್ತು. ಕೈಯೆತ್ತಲು ಹೋದರೆ ಕಲ್ಲು ಕಟ್ಟಿದ ಹಾಗೆ ಭಾರ. ಮಗಳ ಕೆನ್ನೆ ತಟ್ಟಿದಳು. ಕತ್ತು ಒಂದು ಕಡೆಗೆ ಜೋತುಬಿತ್ತು. “ಯಶೂ,” ಎಂದು ಅಲುಗಿಸಿದಳು. ರೆಪ್ಪೆ ಅರ್ಧ ತೆರೆಯಿತು. ಒಳಗೆ ಬಿಳಿ ಮಾತ್ರ ಕಂಡಿತು.

“ಗಾಡಿ ನಿಲ್ಲಸ್ರಿ. ಹುಡುಗಿ ಏಳವಲ್ಲಳು.”

“ನಸಕಿನ್ಯಾಗ ಎದ್ದಾಳ, ಮಲಗಲಿ ಬಿಡು. ನೋಡಿಲ್ಲಿ, ಮೂರೂ ಮೀಟರ್ ಸರಿ ಅವ.”

“ನಿಂಬಿಹಣ್ಣು ಮೂಸಸು,” ಎಂದಳು ಅವ್ವಮ್ಮ ತಿರುಗದೆ.

ಅನುಸೂಯಾ ಗಾಜಿಗೆ ಅಂಗೈ ಒತ್ತಿದಳು. ಹಿಡಿಯಿಲ್ಲ, ಚಿಲಕವಿಲ್ಲ. ಮುಂದೆ ಎರಡು ಬೆನ್ನು. ಆ ಇಬ್ಬರೂ ನಂಬುವ ತನಕ ತಾನೂ ಮಗಳೂ ಇಲ್ಲಿಂದ ಹೊರಬರಲಾರೆವು ಎಂದು ಅವಳಿಗೆ ಹೊಳೆಯಿತು. ಎರಡೂ ಮುಷ್ಟಿಯಿಂದ ಗಂಡನ ಸೀಟನ್ನು ಗುದ್ದಿದಳು.

“ಮೀಟರ್ ಏನ್ ನೋಡ್ತೀರಿ! ಹೊಳ್ಳಿ ನಿಮ್ಮ ಮಗಳ ಮಾರಿ ನೋಡ್ರಿ!”

ಅವನು ನೋಡಿದ. ಕಾರು ರಸ್ತೆಯಂಚಿನ ಮಣ್ಣಿಗೆ ಇಳಿದು ನಿಂತಿತು. ಅವ್ವಮ್ಮನ ಬೆಲ್ಟು ಬೇಗ ಬಿಚ್ಚಲಿಲ್ಲ. ಸೀಟು ಮಡಚುವ ಗುಂಡಿ ಅವನ ಬೆವರುಗೈಗೆ ಜಾರಿತು. ಕೊನೆಗೆ ಮಗು ಬಟ್ಟೆಯ ಗಂಟಿನಂತೆ ಕೈಯಿಂದ ಕೈಗೆ ಹೊರಬಂತು. ಸೊಸೆಯನ್ನು ಎಳೆದುಕೊಳ್ಳಲು ಒಳಗೆ ಬಗ್ಗಿದ ಅವ್ವಮ್ಮ ಕೆಮ್ಮುತ್ತಾ ಹಿಂದೆ ಸರಿದಳು.

“ಯಪ್ಪಾ! ಇಲ್ಲಿ ಹೊಗಿ ತುಂಬ್ಯಾದಲ್ಲೋ ಅಂಬ್ಯಾ!”

ಹಿಂದಿನ ಸೀಟಿನ ಕೆಳಗೆ, ಮೀಟರಿನ ತಂತಿಗಾಗಿ ಕೊರೆದ ರಂಧ್ರದಿಂದ ಬಿಸಿ ಹೊಗೆ ಮೇಲೇಳುತ್ತಿತ್ತು. ಸರಿಯಾಗಿ ಕೂಡದ ಸೈಲೆನ್ಸರ್ ಪೈಪು ಅದರ ನೇರ ಕೆಳಗೇ ಸೋರುತ್ತಿತ್ತು. ಅಂಬಾದಾಸ ಕೀಲಿ ತೆಗೆದು, ಹಿಂದೆ ಬಂದ ಜೀಪಿಗೆ ಅಡ್ಡ ಓಡಿದ.

ಇಂದಾಪುರದ ಆಸ್ಪತ್ರೆಯಲ್ಲಿ ತಾಯಿಗೂ ಮಗಳಿಗೂ ಆಮ್ಲಜನಕ ಹಚ್ಚಿದರು. ಬಹಳ ಹೊತ್ತಿನ ಮೇಲೆ ಯಶ್ಮಿತಾ ವಾಂತಿ ಮಾಡಿಕೊಂಡು, “ಅವ್ವಾ,” ಎಂದು ಜೋರಾಗಿ ಅತ್ತಳು. ಬಾಗಿಲಲ್ಲಿ ನಿಂತಿದ್ದ ಅಂಬಾದಾಸ ಒಳಗೆ ಬಂದ.

ಡಾಕ್ಟರು ಅವನತ್ತ ತಿರುಗಿ ಮರಾಠಿಯಲ್ಲಿ ಕೇಳಿದರು: ಇದು ಹೊಗೆಯ ವಿಷ; ಇವರಿಗೆ ಮೊದಲೂ ತಲೆನೋವು ಬರುತ್ತಿತ್ತೇ, ಯಾವಾಗಿನಿಂದ?

ಅವನು ಹೆಂಡತಿಯ ಕಡೆ ನೋಡಿದ.

“ಅನು, ನೀನೇ ಹೇಳು. ಆವಾಗೆಲ್ಲ ನೀ ಹೇಳ್ದಿ, ನಾ ಕೇಳ್ಲಿಲ್ಲ. ಈಗ ನನಗ ಏನೂ ಗೊತ್ತಿಲ್ಲ.”

ಅನುಸೂಯಾ ಮಗಳ ಹಾಸಿಗೆಯಂಚು ಹಿಡಿದು ನಿಂತಿದ್ದಳು. ಅಲ್ಲಿ ಇದ್ದದ್ದು ಒಂದೇ ಸ್ಟೂಲು. ಅವ್ವಮ್ಮ ಅದರಿಂದ ಎದ್ದು ಸೊಸೆಯನ್ನು ಭುಜ ಹಿಡಿದು ಕೂಡಿಸಿದಳು.

“ಹೇಳವ್ವ,” ಎಂದಳು.

ಅನುಸೂಯಾ ಆಮ್ಲಜನಕದ ಮಾಸ್ಕು ಸರಿಸಿ, ಮಗಳ ಕೈ ಬಿಡದೆ, ಮೊದಲಿನಿಂದ ಹೇಳತೊಡಗಿದಳು.