ಹೊಸ ಉಸಿರಿಗೆ ಕೆಮ್ಮು ಕಲಿಸಿದ್ದು

ಮೇಸ್ತ್ರಿಯದು ಕಲ್ಲು ಕೊರೆಯುವ ಕೆಲಸ. ವರ್ಷಗಟ್ಟಲೆ ಕುಡಿದ ಧೂಳಿಗೆ ಅವನ ಶ್ವಾಸಕೋಶಗಳು ಗಟ್ಟಿಯಾಗಿಬಿಟ್ಟಿದ್ದವು. ಈಗ ಎದೆಗೂಡಿನಲ್ಲಿದ್ದವು ತೀರಿಕೊಂಡ ಯಾರದೋ ಶ್ವಾಸಕೋಶಗಳು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ವಾರ ಕಳೆಯುವುದರೊಳಗೆ ಮತ್ತೆ ಏದುಸಿರು ಶುರುವಾಯಿತು. ಎಡಗಡೆ ಕೆಳಗೆ ಕಫ ಕಟ್ಟಿಕೊಂಡು, ಅಷ್ಟು ಭಾಗ ಗಾಳಿಯಿಲ್ಲದೆ ಮುದುಡಿಕೊಂಡಿತ್ತು.

ಉಸಿರಾಟದ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಬಂದಳು. "ಕೆಮ್ಮಿ ಅಣ್ಣಾ."

"ಬಂದ್ರೆ ತಾನೇ ಮೇಡಂ ಕೆಮ್ಮೋದು?"

"ಅದು ತಾನಾಗಿ ಬರಲ್ಲ. ಗಾಳಿ ಕೊಳವೆ, ರಕ್ತನಾಳ ಎಲ್ಲ ಹೊಲಿದಿದಾರೆ. ನರ ಹೊಲಿಯೋಕಾಗಲ್ಲ. ಒಳಗೆ ಕಫ ತುಂಬಿದ್ರೂ ನಿಮಗೆ ಗೊತ್ತಾಗಲ್ಲ. ನೀವೇ ಬೇಕೂಂತ ಕೆಮ್ಮಬೇಕು."

ಪಕ್ಕದಲ್ಲಿದ್ದ ಹೆಂಡತಿಗೆ ಮಾಸ್ಕಿನೊಳಗೇ ನಗು ಬಂತು. "ಇಷ್ಟು ವರ್ಷ ಇವರ ಕೆಮ್ಮು ನಿಂತ್ರೆ ಸಾಕಪ್ಪಾ ಅಂತಿದ್ದೆ. ಈಗ ಕೈಮುಗಿದು ಕೆಮ್ಮಿ ಅನ್ನೋ ಹಾಗಾಯ್ತು!"

"ನಗಿಸ್ಬೇಡ್ವೇ, ಹೊಲಿಗೆ ಎಳೆಯುತ್ತೆ."

ಫಿಸಿಯೋ ಅವನನ್ನು ಬಲಮಗ್ಗುಲಿಗೆ ತಿರುಗಿಸಿ, ಗಾಯದ ಮೇಲೆ ದಿಂಬು ಒತ್ತಿ ಹಿಡಿಯಲು ಹೇಳಿದಳು. "ನಿಧಾನಕ್ಕೆ ಉಸಿರೆಳ್ಕೊಳ್ಳಿ. ಸ್ವಲ್ಪ ಹಿಡಿದಿಡಿ. ಈಗ ಕನ್ನಡಿ ಮೇಲೆ ಆವಿ ಬಿಡೋ ಹಾಗೆ, ಹಾ..."

ಬರೀ ಗಾಳಿ ಬಂತು. ಮತ್ತೂ ಬರೀ ಗಾಳಿ. ನೋವಿಗೆ ಅವನ ಕಣ್ಣಲ್ಲಿ ನೀರಾಡಿತು. "ಬಂಡೆ ಸೀಳಿದ ಕೈ ಇದು. ಒಂದು ಕೆಮ್ಮಿಗೆ ಸೋತು ಹೋದ್ನಲ್ಲೇ!"

"ಇನ್ನೊಂದೇ ಸಲ," ಎಂದಳು ಹೆಂಡತಿ, ದಿಂಬಿನ ಮೇಲೆ ತನ್ನ ಕೈಯನ್ನೂ ಇಟ್ಟು.

ಎದೆಯ ಆಳದಲ್ಲಿ ಏನೋ ಗೊರಗುಟ್ಟಿತು. ಹಿಂದೆಯೇ ಕೆಮ್ಮು ನುಗ್ಗಿ, ಅಂಟಿನಂಥ ಕಫ ಬಟ್ಟಲಿಗೆ ಬಿತ್ತು.

ಫಿಸಿಯೋ ಅವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದಳು. ಆಮೇಲೆ ಅದನ್ನು ಹೆಂಡತಿಯ ಕಿವಿಗೆ ಸಿಕ್ಕಿಸಿದಳು. ಮೊದಲು ನಿಶ್ಶಬ್ದ. ಆಮೇಲೆ, ಅಂಟಿಕೊಂಡ ಒದ್ದೆ ಹಾಳೆಗಳು ಒಂದೊಂದಾಗಿ ಬಿಡಿಸಿಕೊಳ್ಳುವಂಥ ಚಿಟಚಿಟ ಸದ್ದು. ಅದರ ಹಿಂದೆ ಗಾಳಿ, ದೂರದಿಂದ ತುಂಬಿಕೊಂಡು ಬರುವ ಗಾಳಿ. ಅವಳ ಮೈ ಜುಮ್ಮೆಂದಿತು. ಯಾವ ಮನೆಯಲ್ಲೋ, ಯಾರ ಪಕ್ಕದಲ್ಲೋ ಮಲಗಿ ಆಡುತ್ತಿದ್ದ ಉಸಿರು ಇದು.

"ಏನಾಯ್ತೇ? ನಂಗೂ ಕೇಳಿಸು."

ಅವಳು ಕಿವಿಯಿಂದ ತೆಗೆದು ಅವನಿಗೆ ಹಾಕಿದಳು. ಅವನು ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದ. ಮೂರನೆಯದಕ್ಕೆ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡ.

"ಯಾರಪ್ಪಾ ನೀನು, ಪುಣ್ಯಾತ್ಮ?" ಎಂದ ಮೆಲ್ಲಗೆ.

ಈ ಸಲ ಯಾರೂ ಹೇಳಬೇಕಾಗಲಿಲ್ಲ. ಅವನೇ ದಿಂಬನ್ನು ಎದೆಗೆ ಎಳೆದುಕೊಂಡು, ಇನ್ನೊಮ್ಮೆ ಉಸಿರು ತುಂಬಿಕೊಳ್ಳತೊಡಗಿದ.