ಬಿಸಿ ಗೊತ್ತಾಗ್ತಿದೆಯಾ?

ನನ್ನ ಮಂಡಿನೋವು ಹೋಗಿ ತಿಂಗಳುಗಳೇ ಆಗಿದ್ದವು. ಆದರೂ ಯಾರಿಗೂ ಹೇಳದೆ ಅದನ್ನು ಜೋಪಾನವಾಗಿ ಸಾಕಿಕೊಂಡು ಬಂದಿದ್ದೆ. ಯಾಕೆಂದರೆ ನನ್ನ ಗಂಡನಿಗೆ ಇದ್ದ ರೋಗಿ ನಾನೊಬ್ಬಳೇ.

ಅವರು ಛಾಪಖಾನೆಯಲ್ಲಿ ಯಂತ್ರಗಳ ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡವರು. ಓಡುವ ಯಂತ್ರದ ಮೇಲೆ ಅಂಗೈ ಇಟ್ಟು, ಒಳಗೆ ಯಾವ ಬೇರಿಂಗ್ ಸಾಯುತ್ತಿದೆ ಎಂದು ಹೇಳುತ್ತಿದ್ದರು. ಆಮೇಲೆ ಹೊಸ ಯಂತ್ರಗಳು ಬಂದವು. ಅವು ತಮ್ಮ ಕಾಯಿಲೆಯನ್ನು ತಾವೇ ಪರದೆಯ ಮೇಲೆ ಬರೆದು ತೋರಿಸುತ್ತವಂತೆ. ಇವರ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಕಿಟಕಿ ಪಕ್ಕ ಕೂತು ಮಡಿಲಲ್ಲಿದ್ದ ಕೈಗಳನ್ನೇ ನೋಡತೊಡಗಿದರು. ಹೀಗೇ ಬಿಟ್ಟರೆ ಮನುಷ್ಯ ನನಗೆ ದಕ್ಕುವುದಿಲ್ಲ ಎಂದು ಭಯವಾಯಿತು. ಭಯವಾದರೆ ನಾನು ಬಯ್ಯುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು.

ಹಾಗೆ ಬೈಗುಳ ತಿಂದು ಹೊರಗೆ ಹೋದವರು ಒಂದು ವಾರಾಂತ್ಯದ ಶಿಬಿರ ಮುಗಿಸಿ, ಅಂಗೈಯ ಶಕ್ತಿಯಿಂದಲೇ ರೋಗ ವಾಸಿ ಮಾಡುವ ರೇಖಿ ಕಲಿತು ಬಂದರು. ಹೊಲಿಗೆ ಯಂತ್ರದ ಕೋಣೆಯಲ್ಲಿ ಮಂಚ ಹಾಕಿದರು. ಬಗ್ಗಿದರೆ ಬೆನ್ನು ಹಿಡಿಯುತ್ತದೆಂದು ಅದರ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು, ಎಲ್ಲೂ ವಾಲಿಲ್ಲ ತಾನೇ ಎಂದು ರಸಮಟ್ಟ ಇಟ್ಟು ನೋಡಿದರು. ಪಕ್ಕದ ಮನೆಯಾಕೆ ಒಮ್ಮೆ ಬಂದು, ಗೊರಕೆ ಹೊಡೆದು ಎದ್ದು ಹೋದಳು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುತ್ತಾರಂತೆ. ಕಂಡವರು ಸಿಗದಿದ್ದರೆ ಕಟ್ಟಿಕೊಂಡವಳೇ ಬೀಳಬೇಕಲ್ಲ.

ರೇಖಿ ಎಂದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಚಪ್ಪಲಿ ಬಿಟ್ಟು, ಬಳೆ, ಕನ್ನಡಕ ತೆಗೆದಿಟ್ಟು ಅಂಗಾತ ಮಲಗಬೇಕು. ಮಾತಾಡಬಾರದು, ಮಾತಾಡಿದರೆ ಶಕ್ತಿ ಸೋರಿ ಹೋಗುತ್ತದಂತೆ. ಅವರ ಅಂಗೈಗಳು ತಲೆಯಿಂದ ಪಾದದವರೆಗೆ ನಾಲ್ಕು ಬೆರಳು ಮೇಲೆಯೇ ತೇಲುತ್ತವೆ, ಮುಟ್ಟುವುದಿಲ್ಲ. ಬಿಸಿಯಾಗಬಹುದು, ತಂಪಾಗಬಹುದು, ಅಳು ಬರಬಹುದು, ಏನೂ ಆಗದೆಯೂ ಇರಬಹುದು. ಏನೂ ಆಗದಿದ್ದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಅರ್ಥವಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಕೊನೆಗೆ ಒಂದು ಲೋಟ ನೀರು.

ನನಗೆ ಒಂದು ದಿನವೂ ಏನೂ ಆಗಲಿಲ್ಲ. ಮಂಡಿ ವಾಸಿ ಮಾಡಿದ್ದು ಡಾಕ್ಟರ ಮಾತ್ರೆ. ಅದನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟು ನುಂಗಿದ್ದೆ. ಆದರೆ "ಬಿಸಿ ಗೊತ್ತಾಗ್ತಿದೆಯಾ?" ಎಂದು ಕೇಳುವಾಗ ಅವರ ಮುಖದಲ್ಲಿ ಛಾಪಖಾನೆಯ ದಿನಗಳ ಕಳೆ ಬರುತ್ತಿತ್ತು. ಅವರ ಬಾಯಿ ಮುಚ್ಚುವ ಮೊದಲೇ ನಾನು ಬಿಸಿ ಎನ್ನುತ್ತಿದ್ದೆ. ನಾಳೆಗೂ ಕೆಲಸ ಇರಲೆಂದು ಸಂಜೆ ಮತ್ತೆ ಕುಂಟುತ್ತಿದ್ದೆ. ಒಮ್ಮೊಮ್ಮೆ ಯಾವ ಕಾಲೆಂಬುದೇ ಮರೆತುಹೋಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಬಲಗಡೆ ಕಿಬ್ಬೊಟ್ಟೆಯಲ್ಲಿ ನಿಜವಾದ ನೋವು ಬಂತು. ಹೇಳಿದರೆ ಕೈ ಆಡಿಸುತ್ತಾರೆ. ಅದಕ್ಕೂ ನೋವು ಹೋಗಲಿಲ್ಲವೆಂದರೆ ಆ ಕೈಗಳು ಮತ್ತೆ ಮಡಿಲಿಗೆ ಹೋಗುತ್ತವೆ, ಮನುಷ್ಯ ಕಿಟಕಿಗೆ. ಹಲ್ಲು ಕಚ್ಚಿಕೊಂಡು ಹೋಗಿ ಮಲಗಿದೆ. ಅಂಗೈಗಳು ತೇಲುತ್ತಾ ಬಂದು ಹೊಟ್ಟೆಯ ಮೇಲೆ ನಿಂತವು. ಬಿಸಿ ಗೊತ್ತಾಗ್ತಿದೆಯಾ ಎಂದು ಕೇಳಿದರು.

"ಹ್ಞೂಂ," ಅಂದೆ, ಸ್ವಲ್ಪ ತಡೆದು. "ಬಿಸಿ."

ಅವರು ಮೊದಲ ಸಲ ಕೈಯನ್ನು ಇಳಿಸಿ ನನ್ನ ಮೈಮೇಲೆ ಇಟ್ಟರು. ಹೊಟ್ಟೆ ಕಾದಿತ್ತು.

"ಸುಳ್ಳು ಹೇಳೋ ದಿನ ನೀನು ಇಷ್ಟು ತಡ ಮಾಡಲ್ಲ," ಅಂದರು. "ಏಳು, ಆಸ್ಪತ್ರೆಗೆ ಹೋಗೋಣ."

ಅಪೆಂಡಿಕ್ಸ್ ಒಡೆಯುವುದರಲ್ಲಿತ್ತಂತೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಅದನ್ನು ಕುಯ್ದು ತೆಗೆದು, ಹೊಲಿಗೆ ಹಾಕಿ ಕಳಿಸಿದರು.

ಮನೆಗೆ ಬಂದ ಮೇಲೆ ನೋಡಿದರೆ ಇವರು ಮಂಚವನ್ನು ಕೆಳಗಿಳಿಸಿ ಮರದ ತುಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತು, ಎಲ್ಲಾ ಗೊತ್ತಿದ್ದೂ ಇಷ್ಟು ದಿನ ಯಾಕೆ ಮಾಡಿದಿರಿ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

"ದಿನಕ್ಕೆ ಒಂದು ಗಂಟೆ ನೀನು ಬಯ್ಯದೆ ನನ್ನ ಹತ್ತಿರ ಇರ್ತಿದ್ದೆ," ಅಂದರು.

ಬಯ್ಯಲೆಂದು ಬಾಯಿ ತೆರೆದೆ. ಬಯ್ಯುವ ಬದಲು ಚಪ್ಪಲಿ ಬಿಟ್ಟು, ಬಳೆ ತೆಗೆದು ಹೊಲಿಗೆ ಯಂತ್ರದ ಮೇಲಿಟ್ಟೆ.

"ಮಂಚಕ್ಕೆ ಆ ಮರದ ತುಂಡು ಮತ್ತೆ ಕೊಡಿ," ಅಂದೆ. "ಯಾಕೋ ಮಂಡಿ ನೋಯ್ತಿದೆ."

ಯಾವ ಮಂಡಿ ಎಂದು ಅವರು ಕೇಳಲಿಲ್ಲ. ರಸಮಟ್ಟ ತರಲು ಎದ್ದು ಹೋದರು.